ಸಂಜೀಕ ಹುಟ್ಟಿದವರು

ದಸರೆಗೆ ಎರಡು ದಿನ ಮುಂಚೆ ಕಪಾಟಿನ ಕೆಳಗಿನ ಖಾನೆಯಿಂದ ಬಿಳಿ ಅಂಗಿ ತೆಗೆದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಹಾಕಿ ಮಡಚಿ ಇಡುವ ಅಂಗಿ ಅದು. ಕಿಸೆಯಲ್ಲಿ ಏನೋ ಚರಚರ ಎಂದಿತು. ಬೆರಳು ಹಾಕಿದರೆ ಒಣಗಿದ ಎಲೆ, ಅರ್ಧ ಪುಡಿಯಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಧೂಳಿನ ವಾಸನೆ, ಅದರ ಹಿಂದೆ ಒಂದಿಷ್ಟು ಒಗರು... ಬನ್ನಿ ಎಲೆ. ಹೋದ ದಸರೆಗೆ ಲಕ್ಷ್ಮೇಶ್ವರದಲ್ಲಿ ವೈನಿ ನನ್ನ ಕೈಯಲ್ಲಿಟ್ಟ ಬನ್ನಿ.

ನಮ್ಮ ಕಡೆ ದಸರೆಯ ಸಂಜೆ ಬನ್ನಿ ಕೊಡುವುದೆಂದರೆ ಸಣ್ಣ ಮಾತಲ್ಲ. ಸಣ್ಣವರು ಹಿರಿಯರ ಮನೆಗೆ ಹೋಗಬೇಕು, ಎಲೆ ಕೊಟ್ಟು ಕಾಲಿಗೆ ಬೀಳಬೇಕು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನಬೇಕು. ಹಿರಿಯರು ತಮ್ಮ ಕೈಯಿಂದ ಎಲೆ ತಿರುಗಿ ಕೊಡುತ್ತಾರೆ. ಯಾರು ಯಾರ ಮನೆಯ ಮೆಟ್ಟಿಲು ಹತ್ತಬೇಕು ಎಂಬುದು ವಯಸ್ಸಿನ ಮೇಲೆ ನಿಂತದ್ದು. ವಯಸ್ಸೇ ಗೊತ್ತಿಲ್ಲದವರು ಏನು ಮಾಡಬೇಕು? ನಾನು ಹೇಳಬೇಕೆಂದಿರುವ ಮಾತು ಅಲ್ಲಿಂದಲೇ ಸುರುವಾಗುತ್ತದೆ.

ಸ್ವಾತಂತ್ರ್ಯ ಬರುವ ಮುಂಚೆ ಧಾರವಾಡದಲ್ಲಿ ಕಾಲೇಜು ಓದುವಾಗ ನಾವು ನಾಲ್ವರು ಒಂದೇ ಖೋಲಿಯಲ್ಲಿದ್ದೆವು. ನಾನು ಬೆಟಗೇರಿಯ ನೇಕಾರರ ಮನೆಯ ಮಗ, ಮುಂದೆ ಗದಗಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದೆ. ಇನ್ನೊಬ್ಬ ಶಿರಹಟ್ಟಿಯವನು, ವಕೀಲನಾದ. ಮೂರನೆಯವನು ಮುಂಡರಗಿ ಕಡೆಯ ಹಮ್ಮಿಗಿಯವನು, ಬಿ.ಎ. ಮುಗಿಸಿಯೂ ಹೊಳೆದಂಡೆಯ ಹೊಲಕ್ಕೇ ಹೋದ. ನಾಲ್ಕನೆಯವನು ಲಕ್ಷ್ಮೇಶ್ವರದವನು. ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿರಲಿಲ್ಲ. ‘ಲೇ ಹಮ್ಮಿಗಿ’, ‘ಏ ಶಿರಹಟ್ಟಿ’ ಎಂದು ಊರನ್ನೇ ಕೂಗುತ್ತಿದ್ದೆವು. ಲಕ್ಷ್ಮೇಶ್ವರ, ಶಿರಹಟ್ಟಿ ಆಗ ಸಂಸ್ಥಾನದ ಊರುಗಳು. ನಾನು, ಹಮ್ಮಿಗಿ ಇಬ್ಬರು ಮುಂಬಯಿ ಸರಕಾರದವರು. ಕನ್ನಡ ನಾಡು ಒಂದಾಗಬೇಕೆಂದು ನಾಲ್ವರೂ ಗಂಟಲು ಹರಿದುಕೊಳ್ಳುತ್ತಿದ್ದೆವು, ಆಮೇಲೆ ಚಹಾ ಕಾಸುವವರು ಯಾರು ಎಂಬಲ್ಲಿಗೆ ಬಂದು ನಾಲ್ಕು ದಿಕ್ಕಾಗುತ್ತಿದ್ದೆವು.

ಚಹಾ ಕಾಸುವುದು ಸಣ್ಣವನ ಕೆಲಸ ಎಂದು ಠರಾವಾಗಿತ್ತು. ಆದರೆ ಸರ್ಟಿಫಿಕೇಟ್ ನೋಡಿದರೆ ನಾಲ್ವರೂ ಒಂದೇ ವರ್ಷ, ಒಂದೇ ದಿನ ಹುಟ್ಟಿದವರು, ಜೂನ್ ಒಂದು. ನಮ್ಮ ಕನ್ನಡ ಶಾಲೆಯ ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೋ, ಶಾಲೆಗೆ ಬರುವ ವಯಸ್ಸಾಯಿತು. ಶಾಲೆ ತೆರೆಯುವ ದಿನವೇ ಹುಟ್ಟಿದ ದಿನ ಎಂದು ಬರೆದರೆ ಲೆಕ್ಕಕ್ಕೆ ಸಲೀಸು. ಹೀಗಾಗಿ ನಮ್ಮ ಕ್ಲಾಸಿನ ಮುಕ್ಕಾಲು ಮಂದಿ ಜೂನ್ ಒಂದಕ್ಕೆ ಹುಟ್ಟಿದ್ದರು. ಲಕ್ಷ್ಮೇಶ್ವರದವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ, ದನಿ ಇನ್ನೂ ಒಡೆಯುತ್ತಿತ್ತು. ಎಲ್ಲರಿಗಿಂತ ಸಣ್ಣವನು ಅವನೇ ಎಂಬುದು ಕುರುಡನಿಗೂ ಕಾಣುತ್ತಿತ್ತು. ಅವನು ಮಾತ್ರ ಚಹಾದ ಪಾತ್ರೆ ಮುಟ್ಟಲೊಲ್ಲ. ‘ಸರ್ಟಿಫಿಕೇಟ್ ತೋರಸ್ರಲೇ’ ಎಂದು ಹಾಸಿಗೆಯ ಮೇಲೆ ಕಾಲು ಚಾಚುತ್ತಿದ್ದ.

ಸ್ವಾತಂತ್ರ್ಯ ಬಂದ ಮುಂದಿನ ಬೇಸಿಗೆಯಲ್ಲಿ ಅವನ ಲಗ್ನವಾಯಿತು. ಸಂಸ್ಥಾನ ಆಗತಾನೇ ಮುಂಬಯಿಗೆ ಸೇರಿತ್ತು. ‘ನಿಶ್ಚೇ ಆದಾಗ ರಾಜರ ಪ್ರಜಾ ಇದ್ದೆ, ಅಕ್ಕಿಕಾಳು ಬೀಳೂದ್ರಾಗ ಮುಂಬಯಿದಾಂವ ಆದೆ’ ಎಂದು ಎಲ್ಲರ ಮುಂದೆ ಹೇಳಿ ನಗುತ್ತಿದ್ದ. ಆ ವರ್ಷದ ದಸರೆಗೆ ನಮ್ಮ ಮೂವರನ್ನೂ ಊಟಕ್ಕೆ ಕರೆದ. ತಂದೆ ಹೋದ ಮೇಲೆ ಅವನನ್ನು ಬೆಳೆಸಿದ ಕಾಕಾ ಆ ಮನೆಯ ಯಜಮಾನರು. ಮಾತು ಕಡಿಮೆ, ಹುಬ್ಬು ದಪ್ಪ. ನಾವು ಪಡಸಾಲೆಯಲ್ಲಿ ಕೂತೆವು. ಹೊಸ ಸೊಸೆ ಒಳಬಾಗಿಲ ಹಿಂದೆ ನಿಂತಿದ್ದರು.

ಆ ಕಾಲದ ಮನೆಗಳಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಗಂಡನಿಗಿಂತ ಹಿರಿಯರು ಭಾವನ ಲೆಕ್ಕ. ಅವರ ಎದುರಿಗೆ ಸೊಸೆ ಬರುವಂತಿಲ್ಲ, ಮಾತಾಡುವಂತಿಲ್ಲ. ಗಂಡನಿಗಿಂತ ಸಣ್ಣವರು ಮೈದುನರು. ಅವರ ಮುಂದೆ ಕೂತು ನಗಬಹುದು, ಚೇಷ್ಟೆ ಮಾಡಬಹುದು, ಬೈಯಲೂಬಹುದು. ಅವರಿಗೆ ಆಕೆ ವೈನಿ, ಅಂದರೆ ಅತ್ತಿಗೆ. ಕಾಕಾ ನಮ್ಮನ್ನು ನೋಡಿ, ‘ಇವರು ನಿನಗಿಂತ ದೊಡ್ಡವರೇನಪಾ?’ ಎಂದು ಕೇಳಿದರು.

ಅವನು ರೆಪ್ಪೆ ಮಿಟುಕಿಸಲಿಲ್ಲ. ‘ಎಲ್ಲಾರೂ ನನಗಿಂತ ಸಣ್ಣವರು ಕಾಕಾ’ ಅಂದ.

ನೀರು ಕುಡಿಯುತ್ತಿದ್ದ ಹಮ್ಮಿಗಿಗೆ ನೆತ್ತಿ ಹತ್ತಿತು. ಅವನ ಮೀಸೆ ಆಗಲೇ ಕಿವಿಯ ಕಡೆಗೆ ಹೊರಟಿತ್ತು. ಆದರೆ ಯಾರೂ ತುಟಿ ಬಿಚ್ಚಲಿಲ್ಲ. ಚಹಾದ ಪಾತ್ರೆ ಮುಟ್ಟದೆ ವರ್ಷಗಟ್ಟಲೆ ಹಟ ಹಿಡಿದವನು ಆ ಹಟವನ್ನು ಇಂಥ ಕೆಲಸಕ್ಕೆ ತರುತ್ತಾನೆಂದು ನಾವು ಎಣಿಸಿರಲಿಲ್ಲ. ತನ್ನ ಹೆಂಡತಿ ಬಾಗಿಲ ಹಿಂದೆ ನಿಲ್ಲುವುದು ಅವನಿಗೆ ಬೇಕಿರಲಿಲ್ಲ, ಅಷ್ಟೇ. ‘ಬಾ, ನಿನ್ನ ಮೈದುನರನ ನೋಡು’ ಎಂದು ಕರೆದ. ಸೆರಗು ಸರಿಮಾಡಿಕೊಂಡು ವೈನಿ ಹೊರಗೆ ಬಂದರು. ನಾವು ಮೂವರೂ ಎದ್ದು ಬನ್ನಿ ಕೊಟ್ಟು, ನಮಗಿಂತ ಆರೇಳು ವರ್ಷ ಚಿಕ್ಕ ಹುಡುಗಿಯ ಕಾಲಿಗೆ ಬಿದ್ದೆವು.

ವೈನಿ ಹೇಗಿದ್ದರು ಎಂದರೆ... ಗಿಡ್ಡ ಆಳು, ಚುರುಕು ಕಣ್ಣು, ನಕ್ಕರೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಕಾಣುತ್ತಿತ್ತು. ಅವತ್ತು ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆವು. ಅವರು ಗೋಡೆಗೆ ಆತು ಕೂತು, ಒಬ್ಬೊಬ್ಬರನ್ನೇ ನೋಡಿ ಒಂದೇ ಪ್ರಶ್ನೆ ಕೇಳಿದರು.

‘ನಿಮ್ಮ ಮನ್ಯಾಗ ರೊಟ್ಟಿ ಬಡಿಯಾಕಿ ಯಾರ್ರೀ?’

ಇದೆಂಥ ಪ್ರಶ್ನೆ ಎನಿಸಿತು. ಹೇಗಿದ್ದೀರಿ ಎಂದರೆ ಆರಾಮ ಎಂದು ಹೇಳಿ ಪಾರಾಗಬಹುದು. ಇದಕ್ಕೆ ಹಾಗಾಗುವುದಿಲ್ಲ. ‘ಅವ್ವ ಬಡೀತಾಳ’ ಎಂದರೆ ಲಗ್ನ ಆಗಿಲ್ಲ. ‘ಅವ್ವಗ ಕೈ ನೋವು, ಅಕ್ಕ ಬಂದಾಳ’ ಎಂದರೆ ಅಕ್ಕ ಗಂಡನ ಮನೆ ಬಿಟ್ಟು ಯಾಕೆ ಬಂದಿದ್ದಾಳೆ ಎಂಬುದು ಹಿಂದೆಯೇ ಬರುತ್ತದೆ. ಮುಂದೆ ನಮಗೆ ಲಗ್ನಗಳಾದ ಮೇಲೆ, ‘ನಾನ ಬಡಕೊಳ್ಳಾಕತ್ತೀನಿ’ ಎಂದು ಶಿರಹಟ್ಟಿ ಒಂದು ವರ್ಷ ಹಗುರಾಗಿ ಹೇಳಿದ. ವೈನಿ ಮುಂದೆ ಏನೂ ಕೇಳಲಿಲ್ಲ. ಮರುವಾರ ತಾವೇ ಗಂಡನನ್ನು ಕರೆದುಕೊಂಡು ಶಿರಹಟ್ಟಿಗೆ ಹೋಗಿ, ಮುನಿಸಿಕೊಂಡು ತವರು ಸೇರಿದ್ದ ವಕೀಲನ ಹೆಂಡತಿಯನ್ನು ಮನೆಗೆ ಕರೆತಂದರು. ಕೋರ್ಟಿನಲ್ಲಿ ಊರವರ ಜಗಳ ಬಿಡಿಸುವವನ ಮನೆಯ ಜಗಳ ಹೀಗೆ ಬಗೆಹರಿಯಿತು.

ನಮ್ಮ ಮೂವರದಷ್ಟೇ ಅಲ್ಲ, ಇಡೀ ಕ್ಲಾಸಿನವರ ಖಬರು ವೈನಿಗೆ ಬೇಕಾಗಿತ್ತು. ಗಂಡನ ಬಾಯಿಂದ ಕೇಳಿದ ಅಡ್ಡಹೆಸರುಗಳಷ್ಟೇ ಅವರಿಗೆ ಗೊತ್ತು. ‘ಆ ಸೊಟ್ಟ ಮೂಗಿನವರು ಎಲ್ಲಿ ಅದಾರ? ಪರೀಕ್ಷಾದಾಗ ನಿದ್ದಿ ಹೋದವರಿಗೆ ನೌಕರಿ ಸಿಕ್ತೇನು?’ ಎನ್ನುತ್ತಿದ್ದರು. ಒಂದು ದಿನವೂ ಕಾಣದ ಮಂದಿಯ ಬಗ್ಗೆ ಈ ಕಾಳಜಿ. ವೈನಿ ಕೇಳುತ್ತಾರಲ್ಲ ಎಂಬ ಅಂಜಿಕೆಗೇ ನಾವು ವರ್ಷವಿಡೀ ಅವರಿವರನ್ನು ವಿಚಾರಿಸಿಕೊಂಡು ಇರುತ್ತಿದ್ದೆವು. ನಮ್ಮ ಕ್ಲಾಸು ಚದುರಿ ಹೋಗದೆ ಉಳಿದದ್ದು ಹೀಗೆ. ಇದರಲ್ಲಿ ನಮ್ಮ ದೊಡ್ಡಸ್ತಿಕೆ ಏನೂ ಇಲ್ಲ.

ಆಮೇಲೆ ಅವನು ಹೋದ... ವಿಷಮಜ್ವರ. ಮಳೆಗಾಲದಲ್ಲಿ ಮಲಗಿದವನು ಏಳಲಿಲ್ಲ. ಮದುವೆಯಾಗಿ ಹೆಚ್ಚು ವರ್ಷವಾಗಿರಲಿಲ್ಲ, ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಮಣ್ಣಿಗೆ ಹೋದಾಗ ನಾವು ವೈನಿಯ ಮುಖ ನೋಡಲಾರದೆ ಹೊರಗಿನಿಂದಲೇ ತಿರುಗಿ ಬಂದೆವು. ಅಷ್ಟು ಸಂಕಟ ನನಗೆ ನನ್ನ ತಂದೆ ಹೋದಾಗಲೂ ಆಗಿರಲಿಲ್ಲ.

ದಸರೆ ಬಂತು. ಹೋಗುವುದೋ ಬಿಡುವುದೋ ತಿಳಿಯಲಿಲ್ಲ. ಗಂಡ ಸತ್ತ ಮನೆಗೆ ಹಬ್ಬದ ದಿನ ಎಲೆ ಹಿಡಿದುಕೊಂಡು ಹೋದರೆ ಜನ ಏನಂದಾರು ಎಂದು ವಕೀಲ ಹಿಂಜರಿದ. ಹಮ್ಮಿಗಿ ಒಂದೇ ಮಾತು ಹೇಳಿದ: ‘ಹಿರ್‍ಯಾರಿಗೆ ಬನ್ನಿ ಕೊಡಬೇಕೋ ಬ್ಯಾಡೋ? ವೈನಿ ಹಿರ್‍ಯಾಕಿ ಹೌದೋ ಅಲ್ಲೋ?’ ಮೂವರೂ ಬಸ್ಸು ಹತ್ತಿದೆವು.

ಕಾಕಾ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ನಮ್ಮ ಬನ್ನಿ ತೆಗೆದುಕೊಂಡರು, ಕುಂಡ್ರಿ ಅಂದರು. ಒಳಬಾಗಿಲು ಮುಕ್ಕಾಲು ಮುಚ್ಚಿತ್ತು. ಕೆಳಗೆ ಹೊಸ್ತಿಲ ಹತ್ತಿರ ಎರಡು ಪಾದ ಕಾಣುತ್ತಿದ್ದವು. ಬೆರಳುಗಳಲ್ಲಿ ಕಾಲುಂಗುರ ಇರಲಿಲ್ಲ.

ವೈನಿಯವರಿಗೂ ಬನ್ನಿ ಕೊಟ್ಟು ಹೋಗುತ್ತೇವೆ ಎಂದೆ. ಕಾಕಾ ತಲೆಯಾಡಿಸಿದರು. ‘ಅಂವ ಇದ್ದಾಗಿನ ಮಾತು ಬ್ಯಾರೆ. ಆಕಿ ಇನ್ನ ಒಳಗ ಇರಲಿ. ಓಣಿ ಮಂದಿ ಬಾಯಿ ಸುಮ್ಮನಿರೂದಿಲ್ಲ.’

ಕಾಕಾ ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಮಗನಂತೆ ಬೆಳೆಸಿದವನನ್ನು ಕಳೆದುಕೊಂಡು ಹೆದರಿದ್ದರು. ಆದರೆ ಅವರ ಆ ಮಾತಿನಿಂದ ಏನು ನಿಂತುಹೋಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ನಿಂತವರಿಗೆ ಇಪ್ಪತ್ತು ದಾಟಿ ನಾಲ್ಕು ದಿನವಾಗಿತ್ತು. ಆ ಬಾಗಿಲು ಇವತ್ತು ಮುಚ್ಚಿದರೆ ಆಯುಷ್ಯವೆಲ್ಲ ಅದರ ಹಿಂದೆಯೇ ಕಳೆಯಬೇಕು. ಗಂಡನನ್ನು ಬಲ್ಲವರ ಬಾಯಿಂದ ಗಂಡನ ಮಾತು ಕೇಳುವುದೂ ಇಲ್ಲ.

‘ಮೈದುನರಿಗೆ ವೈನಿ ಬನ್ನಿ ಕೊಡಬಾರದೇನ್ರಿ ಕಾಕಾ?’ ಎಂದು ಹಮ್ಮಿಗಿ ಕೇಳಿದ.

ಕಾಕಾ ಅವನ ಕಡೆ ತಿರುಗಿದರು. ‘ಮೈದುನ ಅಂದ್ರ ಗಂಡಗ ಸಣ್ಣಾಂವ ಇರಬೇಕು. ನನಗೇನು ಗೊತ್ತಿಲ್ಲಂತ ತಿಳದಿಯೇನು? ನನ್ನ ಲಗ್ನಕ್ಕ ನಿಮ್ಮ ಅಪ್ಪನ ಕೈ ಹಿಡಕೊಂಡು ನಡಕೋತ ಬಂದಾಂವ ನೀ. ನಮ್ಮ ಹುಡುಗ ಅವಾಗ ತೊಟ್ಟಿಲದಾಗ ಇದ್ದ.’

ಇಷ್ಟು ವರ್ಷ ಎಲ್ಲಾ ಗೊತ್ತಿದ್ದೂ ಕಾಕಾ ಸುಮ್ಮನಿದ್ದರು. ಇನ್ನು ಹೇಳುವುದಕ್ಕೆ ಏನು ಉಳಿಯಿತು? ಹಮ್ಮಿಗಿ ಮಾತ್ರ ಮೀಸೆಯನ್ನು ಒಮ್ಮೆ ಒರೆಸಿಕೊಂಡು ತಣ್ಣಗೆ ಉತ್ತರ ಕೊಟ್ಟ.

‘ಲಗ್ನಕ್ಕ ಬಂದಾಂವ ನಮ್ಮ ಅಣ್ಣ ರೀ ಕಾಕಾ. ನಾ ಅವಾಗ ಇನ್ನೂ ಅವ್ವನ ಹೊಟ್ಟ್ಯಾಗಿದ್ದೆ.’

ಹಮ್ಮಿಗಿಗೆ ಅಣ್ಣನೇ ಇರಲಿಲ್ಲ. ಮೂರು ಅಕ್ಕಂದಿರ ಮೇಲೆ ಹುಟ್ಟಿದ ಒಬ್ಬನೇ ಗಂಡುಮಗ ಅವನು.

ಕಾಕಾ ವಕೀಲನ ಕಡೆ ನೋಡಿದರು. ಅವನ ತಲೆಯ ಮುಂಭಾಗ ಆಗಲೇ ಬರಿದಾಗಿತ್ತು. ‘ಕಾಯದೆ ಓದಿ ಉದುರಿದ್ದು ರೀ, ವಯಸ್ಸಿಂದಲ್ಲ’ ಎಂದು ಅವರು ಕೇಳುವ ಮೊದಲೇ ಅವನು ಹೇಳಿಬಿಟ್ಟ. ಕೊನೆಗೆ ಕಾಕಾ ನನ್ನನ್ನು ಹಿಡಿದರು. ‘ನೀ ಲೆಕ್ಕದ ಮಾಸ್ತರ. ನೀ ಖರೆ ಹೇಳು.’

ಖರೆ ಹೇಳುವುದು ನನ್ನ ನೌಕರಿ. ಅವತ್ತು ನೌಕರಿ ಬದಿಗಿಟ್ಟೆ. ‘ಸರ್ಟಿಫಿಕೇಟ್ ಪ್ರಕಾರ ನಾವು ನಾಲ್ಕೂ ಮಂದಿ ಜೂನ್ ಒಂದಕ್ಕ ಹುಟ್ಟೀವ್ರಿ ಕಾಕಾ’ ಅಂದೆ. ‘ಆದರ ನಿಮ್ಮ ಹುಡುಗ ಮುಂಜಾನೆ ಹುಟ್ಟಿದಾಂವ. ನಾವು ಮೂರೂ ಮಂದಿ ಸಂಜೀಕ ಹುಟ್ಟಿದವರು.’

ಕಾಕಾ ನಮ್ಮ ಮೂರು ಮುಖಗಳನ್ನು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು. ‘ನಿನ್ನ ಕಡೆ ಲೆಕ್ಕಾ ಕಲಿಯೋ ಹುಡುಗೂರನ್ನ ದೇವರ ಕಾಯಬೇಕು’ ಎಂದು ನನಗೆ ಹೇಳಿದರು. ಅವರ ಕಣ್ಣು ತುಂಬಿತ್ತು. ಆಮೇಲೆ ಒಳಬಾಗಿಲ ಕಡೆ ತಿರುಗಿ ದನಿ ಎತ್ತರಿಸಿದರು.

‘ಹೊರಗ ಬಾ ಯವ್ವಾ. ನಿನ್ನ ಮೈದುನರು ಬಂದಾರ.’

ವೈನಿ ಬಂದರು. ಸೊರಗಿದ್ದರು, ಮುಖ ಗುರುತು ಸಿಗದಷ್ಟು. ನಾವು ಬನ್ನಿ ಕೊಟ್ಟು ಕಾಲಿಗೆ ಬಿದ್ದೆವು. ಅವರು ತಿರುಗಿ ಎಲೆ ಕೊಟ್ಟರು. ಎಂದಿನಂತೆ ಗೋಡೆಗೆ ಆತು ಕೂತರು. ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಹಮ್ಮಿಗಿಯನ್ನು ನೋಡಿದರು.

‘ನಿಮಗ ಅಣ್ಣಾವರು ಅದಾರಂತ ಇವತ್ತ ಗೊತ್ತಾತು. ಅವರ ಮನ್ಯಾಗ ರೊಟ್ಟಿ ಬಡಿಯಾಕಿ ಯಾರ್ರೀ?’

ಕಾಕಾ ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅವರು ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಬಾಗಿಲು ಮತ್ತೆ ಮುಚ್ಚಲಿಲ್ಲ. ಓಣಿಯವರು ಏನಾದರೂ ಅಂದರೆ ಕಾಕಾನೇ, ‘ಆಕಿ ಮೈದುನರು ಬರ್ತಾರ, ನಿಮಗೇನು?’ ಎಂದು ದಬಾಯಿಸುತ್ತಿದ್ದರಂತೆ. ಪ್ರತಿ ದಸರೆಗೂ ವೈನಿ ಆ ಇಲ್ಲದ ಅಣ್ಣನ ಕ್ಷೇಮ ಕೇಳುವುದು ತಪ್ಪಲಿಲ್ಲ. ಹಮ್ಮಿಗಿಯೂ ಬಿಟ್ಟುಕೊಡುವವನಲ್ಲ. ಅಣ್ಣನಿಗೆ ಲಗ್ನ ಮಾಡಿಸಿದ, ಮಕ್ಕಳು ಹುಟ್ಟಿದವು, ಒಮ್ಮೆ ಎತ್ತು ಹಾಯ್ದು ಕಾಲು ಮುರಿಯಿತು, ಕೊರ್ಲಹಳ್ಳಿಯ ಬೀಗರ ಜೊತೆ ಜಗಳವಾಯಿತು. ‘ಸಿಟ್ಟು ಬ್ಯಾಡಂತ ಹೇಳ್ರಿ ಅವರಿಗೆ, ವಯಸ್ಸಾತು’ ಎಂದು ವೈನಿ ಗಂಭೀರವಾಗಿ ಬುದ್ಧಿ ಹೇಳುತ್ತಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಏಕೀಕರಣದ ವರ್ಷ ದಸರೆ ಮೊದಲು ಬಂತು, ರಾಜ್ಯ ಆಮೇಲೆ. ಖೋಲಿಯಲ್ಲಿ ಗಂಟಲು ಹರಿದುಕೊಂಡದ್ದು ಕೊನೆಗೂ ಆಗುತ್ತಿದೆ ಎಂದು ನಾವು ಮೂವರೂ ಅವರ ಪಡಸಾಲೆಯಲ್ಲಿ ಎದೆ ಉಬ್ಬಿಸಿ ಮಾತಾಡಿದೆವು. ಅವನಿದ್ದಿದ್ದರೆ ಎಂದು ಯಾರೂ ಅನ್ನಲಿಲ್ಲ, ಎಲ್ಲರಿಗೂ ಅದೇ ಅನಿಸಿತ್ತು. ವೈನಿ ಎಲ್ಲ ಕೇಳಿಸಿಕೊಂಡು, ‘ರಾಯಚೂರಾಗ ಅದಾರಲ್ಲ ಸೊಟ್ಟ ಮೂಗಿನವರು, ಅವರಿಗೂ ನಮಗೂ ಇನ್ನ ಒಂದ ಸರಕಾರ ಏನು?’ ಎಂದು ಕೇಳಿದರು. ಹೌದೆಂದೆವು. ‘ಹಂಗಾರ ಮುಂದಿನ ದಸರಾಕ ಅವರನ್ನೂ ಕರಕೊಂಡ ಬರ್ರಿ. ಇನ್ನ ಯಾವ ನೆವಾನೂ ಉಳದಿಲ್ಲ’ ಅಂದರು. ಗಡಿಯಾಚೆ ಸಾಂಗಲಿ ಕಡೆ ನೌಕರಿ ಹಿಡಿದು ಅಲ್ಲೇ ಉಳಿದ ಇನ್ನೊಬ್ಬ ಕ್ಲಾಸಿನವನ ಬಗ್ಗೆ ಬೇರೆಯಾಗಿ ಮರುಗಿದರು. ಮರುವರ್ಷ ಸೊಟ್ಟ ಮೂಗಿನವನು ಖರೆಯೇ ಬಂದ. ಬಂದವನೇ ಬಾಗಿಲಲ್ಲಿ ನಿಂತು, ‘ನಾನೂ ಸಂಜೀಕ ಹುಟ್ಟಿದಾಂವ ರೀ’ ಎಂದು ಗುರುತು ಹೇಳಿಕೊಂಡ.

ನನ್ನ ಹೆಂಡತಿ ತೀರಿಕೊಂಡ ವರ್ಷ ವೈನಿ ಬೆಟಗೇರಿಗೆ ಬಂದರು. ಹಿರಿಯರಾಗಿ ನಮ್ಮ ಮನೆಗೆ ಅವರು ಬಂದದ್ದು ಅದೊಂದೇ ಸಲ. ಕಾರ್ಯವೆಲ್ಲ ಮುಗಿದಿತ್ತು, ಮಗನಿಗೆ ಇನ್ನೂ ಲಗ್ನವಾಗಿರಲಿಲ್ಲ. ಅವತ್ತು ಅವರು ಆ ಪ್ರಶ್ನೆ ಕೇಳಲಿಲ್ಲ. ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋಗಿ ಹಿಟ್ಟು ನಾದಿಕೊಂಡು ರೊಟ್ಟಿ ಬಡಿಯಲು ಕೂತರು. ಆ ಸದ್ದು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಒಬ್ಬೊಬ್ಬರೇ ಹೋದರು. ಸೊಟ್ಟ ಮೂಗಿನವನು, ವಕೀಲ, ಕೊನೆಗೆ ಹಮ್ಮಿಗಿ. ಹಮ್ಮಿಗಿಯ ಸುದ್ದಿ ಹೇಳಲು ನಾನೇ ಲಕ್ಷ್ಮೇಶ್ವರಕ್ಕೆ ಹೋದೆ. ವೈನಿ ಗೋಡೆಗೆ ಆತು ಕೂತರು. ‘ಅವರ ಅಣ್ಣಾವರಿಗೆ ಯಾರು ಹೇಳಬೇಕ್ರೀ ಇನ್ನ...’ ಎಂದರು. ನಗಬೇಕೆಂದೇ ಹೇಳಿದ್ದರು. ಇಬ್ಬರಿಗೂ ನಗು ಬರಲಿಲ್ಲ.

ಹೋದ ದಸರೆಗೆ ಉಳಿದವರು ನಾವಿಬ್ಬರೇ. ವೈನಿ ಮಗಳ ಜೊತೆ ಅದೇ ಪಡಸಾಲೆಯಲ್ಲಿ, ಅದೇ ಗೋಡೆಗೆ ಆತು ಕೂತಿದ್ದರು. ನಾನು ಬನ್ನಿ ಕೊಟ್ಟು ಬಾಗಿದೆ. ಏಳಲು ತಡವಾಯಿತು. ಅವರೇ ಕೈ ಹಿಡಿದು ಎಬ್ಬಿಸಿದರು.

‘ನಿಮಗಿಂತ ಎಷ್ಟೋ ಸಣ್ಣಾಕಿ ನಾ. ನನ್ನ ಕಾಲಿಗೆ ಬಿದ್ದು ಬಿದ್ದು ನಿಮ್ಮ ಬೆನ್ನು ಬಾಗೇತಿ’ ಎಂದರು. ‘ಲಗ್ನ ಆದ ಹೊಸದಾಗನ ನಿಮ್ಮ ಗೆಳ್ಯಾರು ನನಗ ಹೇಳಿದ್ರು. ನಾ ಎಲ್ಲಾರಿಗಿಂತ ಸಣ್ಣಾಂವ ಇದ್ದೀನಿ, ನೀ ಎಲ್ಲೂ ಬಾಯಿ ಬಿಡಬ್ಯಾಡ ಅಂತ.’

‘ಮತ್ತ ಇಷ್ಟ ವರ್ಷ ಸುಮ್ಮನ ಕಾಲಿಗೆ ಬೀಳಿಸಿಕೊಂಡ್ರೇನು?’ ಎಂದೆ.

‘ಬಾಗಲಾ ತಗದವರು ನೀವು. ನಾ ಯಾಕ ಹಾಕ್ಕೊಳ್ಳಲಿ?’ ಎಂದು ನಕ್ಕರು. ಹಲ್ಲಿನ ಸಂದು ಇರಲಿಲ್ಲ, ಆ ಹಲ್ಲುಗಳೇ ಹೋಗಿದ್ದವು. ನಗು ಮಾತ್ರ ಅದೇ. ನನ್ನ ಕೈಗೆ ಕೊಟ್ಟ ಎಲೆಯನ್ನು ತಾವೇ ಮತ್ತೆ ತೆಗೆದುಕೊಂಡು, ಬಸ್ಸಿನಲ್ಲಿ ಬಿದ್ದೀತು ಎಂದು ನನ್ನ ಅಂಗಿಯ ಕಿಸೆಗೆ ಹಾಕಿದರು.

ಈ ಶ್ರಾವಣದಲ್ಲಿ ವೈನಿ ಹೋದರು. ಮಗಳು ಫೋನು ಮಾಡಿದಳು. ಹೋಗಿ ಬಂದೆ.

ಮೊನ್ನೆ ದಸರೆಯ ಸಂಜೆ ಅದೇ ಬಿಳಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತೆ. ಪುಡಿಯಾದ ಎಲೆ ಕಿಸೆಯಲ್ಲೇ ಇರಲೆಂದು ಬಿಟ್ಟಿದ್ದೆ. ಓಣಿಯವರೆಲ್ಲ ಬಂದು ಬನ್ನಿ ಕೊಟ್ಟರು, ಮಗ, ಸೊಸೆ, ಮೊಮ್ಮಕ್ಕಳು ಕಾಲಿಗೆ ಬಿದ್ದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಅವನೇ ಈಗ ಅಜ್ಜ, ಕೋಲೂರಿಕೊಂಡು ಬಂದ. ಎಲ್ಲರಿಗೂ ತಿರುಗಿ ಎಲೆ ಕೊಟ್ಟೆ. ಸಂದಣಿ ಕರಗಿದ ಮೇಲೆ ರೂಢಿಯಂತೆ ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಕೈಯಲ್ಲಿ ಒಂದು ಹಿಡಿ ಬನ್ನಿ ಉಳಿದಿತ್ತು.

‘ಎಲ್ಲಿಗೆ ಹೊಂಟ್ರಿ ಮಾವಾರ?’ ಎಂದು ಸೊಸೆ ಕೇಳಿದಳು.

ಬಾಯಿಗೆ ಲಕ್ಷ್ಮೇಶ್ವರ ಎಂದು ಬಂದಿತ್ತು. ನುಂಗಿಕೊಂಡೆ. ಚಪ್ಪಲಿ ಬಿಟ್ಟು ಮತ್ತೆ ಕಟ್ಟೆಯ ಮೇಲೆ ಕೂತೆ. ಬನ್ನಿ ಕೊಡಲು ನನಗೆ ಹಿರಿಯರು ಯಾರೂ ಉಳಿದಿಲ್ಲ. ಇನ್ನು ನಾನು ಯಾರ ಮೈದುನನೂ ಅಲ್ಲ.